ಹಸ್ತಪ್ರತಿ ಸಿದ್ಧವಾಗಿದೆ, ಈಗ ಯಾರ ಕೈಗೆ ಕೊಡೋದು?

ಕನ್ನಡದಲ್ಲಿ ಮೊದಲ ಪುಸ್ತಕ ತರಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳೋದು "ಯಾವ ಪ್ರಕಾಶಕರು ಒಳ್ಳೆಯವರು?" ಅಂತ. ಆಮೇಲೆ "ರಾಯಲ್ಟಿ ಎಷ್ಟು ಪರ್ಸೆಂಟ್ ಕೇಳಬೇಕು?" ಅಂತ. ಕೇಳಲೇಬೇಕಾದ ಪ್ರಶ್ನೆಗಳೇ, ಆದರೆ ಅವುಗಳ ಸರದಿ ಆಮೇಲೆ ಬರುತ್ತದೆ. ಅದಕ್ಕಿಂತ ಮುಂಚೆ ಎರಡು ವಿಷಯ ತೀರ್ಮಾನವಾಗಬೇಕು. ಅಚ್ಚಿಗೆ ದುಡ್ಡು ಹಾಕೋರು ಯಾರು? ಅಚ್ಚಾದ ಮೇಲೆ ಓಡಾಡಿ ಮಾರೋರು ಯಾರು?

ಇವೆರಡಕ್ಕೂ ಉತ್ತರ "ಪ್ರಕಾಶಕರು" ಅಂತಾದರೆ ನೀವು ಒಂದು ದಾರಿಯಲ್ಲಿದ್ದೀರಿ. ಎರಡಕ್ಕೂ "ನಾನೇ" ಅಂತಾದರೆ ಇನ್ನೊಂದು ದಾರಿ. ದುಡ್ಡು ನಿಮ್ಮದು, ಹೆಸರು ಮಾತ್ರ ಪ್ರಕಾಶಕರದ್ದು, ಮಾರೋರು ಯಾರೂ ಇಲ್ಲ ಅನ್ನೋ ಮೂರನೆಯ ದಾರಿಯೂ ಒಂದಿದೆ. ಗೊತ್ತಿಲ್ಲದೆ ಅದರೊಳಗೆ ಕಾಲಿಟ್ಟವರೇ ಜಾಸ್ತಿ. ಅದಕ್ಕೇ ಇಲ್ಲಿ ಸಂಸ್ಥೆಗಳನ್ನು ಹೋಲಿಸುವ ಬದಲು ಲೆಕ್ಕಗಳನ್ನು ಹೋಲಿಸಿದ್ದೇನೆ.

ಒಂದು ಪುಸ್ತಕದ ಲೆಕ್ಕ

ಒಂದು ಕಥಾಸಂಕಲನ ಇದೆ ಅಂತಿಟ್ಟುಕೊಳ್ಳಿ. ಡೆಮಿ 1/8 ಅಳತೆ (ಸಾಮಾನ್ಯ ಕಥೆ-ಕಾದಂಬರಿ ಪುಸ್ತಕದ ಗಾತ್ರ), 160 ಪುಟ, ಬೆಲೆ 200 ರೂಪಾಯಿ, 1000 ಪ್ರತಿ. ಅಚ್ಚಿನವರು ಪುಟ ಎಣಿಸೋದಿಲ್ಲ, ಫಾರಂ ಎಣಿಸುತ್ತಾರೆ. 16 ಪುಟಕ್ಕೆ ಒಂದು ಫಾರಂ, ಹಾಗಾಗಿ ನಮ್ಮದು 10 ಫಾರಂ. ನಿಮ್ಮ ಪುಸ್ತಕ 162 ಪುಟಕ್ಕೆ ಬಂದು ನಿಂತರೆ ಆ ಎರಡು ಪುಟಕ್ಕೆ ಬೇರೆಯೇ ಕಾಗದ, ಬೇರೆಯೇ ಪ್ಲೇಟು ಬೇಕಾಗುತ್ತದೆ. ಎರಡು ಪುಟ ಕಡಿಮೆ ಮಾಡಿ ಅಂತ ಪ್ರೆಸ್ಸಿನವರು ಹೇಳಿದರೆ ಸಿಟ್ಟಾಗಬೇಡಿ. ಒಬ್ಬ ಮುನ್ನುಡಿಕಾರರ ಉತ್ಸಾಹ ಕತ್ತರಿಸಿದರೆ ಕೆಲಸ ಮುಗಿಯಿತು.

23×36 ಇಂಚಿನ ಒಂದು ಹಾಳೆಯಲ್ಲಿ ಎರಡೂ ಬದಿ ಸೇರಿ 32 ಪುಟ ಬರುತ್ತವೆ. ಒಂದು ಪ್ರತಿಗೆ ಐದು ಹಾಳೆ, ಸಾವಿರ ಪ್ರತಿಗೆ ಐದು ಸಾವಿರ ಹಾಳೆ, ಅಂದರೆ 500 ಹಾಳೆಗೆ ಒಂದರಂತೆ 10 ರೀಮು. ಪುಸ್ತಕಕ್ಕೆ ಬಳಸುವ ಮ್ಯಾಪ್‌ಲಿಥೋ ಕಾಗದ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಆದರೆ ಒಟ್ಟು ಸುಮಾರು 187 ಕಿಲೋ. ವೇಸ್ಟೇಜು ಸೇರಿಸಿ 200 ಕಿಲೋ ಅನ್ನೋಣ. ಕಾಗದದ ದರ ಆಗಾಗ ಏರಿಳಿಯುತ್ತದೆ. ನಾನು ಕಿಲೋಗೆ 90 ರೂಪಾಯಿ ಹಿಡಿದಿದ್ದೇನೆ. ಹಾಗಾದರೆ ಕಾಗದಕ್ಕೇ 18,000.

ಮುಂದಿನ ಅಂಕಿಗಳೂ ಹೀಗೇ ಲೆಕ್ಕದ ಅನುಕೂಲಕ್ಕೆ ಹಿಡಿದವು. ನಿಮ್ಮ ಊರಿನ ಪ್ರೆಸ್ಸಿನ ಕೊಟೇಶನ್ ತಂದು ಇವುಗಳ ಜಾಗದಲ್ಲಿ ತುಂಬಿಕೊಳ್ಳಿ. ಪ್ಲೇಟು, ಮುದ್ರಣಕ್ಕೆ 12,000. ಮುಖಪುಟದ ಮುದ್ರಣ, ಲ್ಯಾಮಿನೇಶನ್ 6,000. ಬೈಂಡಿಂಗ್ ಪ್ರತಿಗೆ 7ರಂತೆ 7,000. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟೋದು) ಮತ್ತು ಕರಡು ತಿದ್ದೋದು 8,000. ಮುಖಪುಟ ವಿನ್ಯಾಸ 4,000. ಸಾಗಾಟ, ಗೌರವ ಪ್ರತಿ, ಚಿಲ್ಲರೆ ಖರ್ಚು 5,000. ಒಟ್ಟು 60,000. ಪ್ರತಿಯೊಂದಕ್ಕೆ 60 ರೂಪಾಯಿ.

"60ಕ್ಕೆ ಆಗೋ ಪುಸ್ತಕ 200ಕ್ಕೆ ಮಾರಿದ್ರೆ 140 ಲಾಭ ಅಲ್ವಾ?" ಅಲ್ಲ. ಅಂಗಡಿಯವರಿಗೆ, ವಿತರಕರಿಗೆ ಹೋಗುವ ಕಮಿಷನ್ 30ರಿಂದ 40 ಪರ್ಸೆಂಟ್, ಕೆಲವು ಕಡೆ ಅದಕ್ಕೂ ಮೇಲೆ. 40 ಹಿಡಿದರೆ ಕೈಗೆ ಬರೋದು 120. ಲೇಖಕರಿಗೆ ಮುಖಬೆಲೆಯ ಮೇಲೆ 10 ಪರ್ಸೆಂಟ್ ರಾಯಲ್ಟಿ ಕೊಟ್ಟರೆ 100 ಉಳಿಯಿತು. ಅಂದರೆ ಹಾಕಿದ 60,000 ವಾಪಸ್ ಬರಲು 600 ಪ್ರತಿ ಮಾರಬೇಕು. 400ಕ್ಕೆ ನಿಂತುಹೋದರೆ ಪ್ರಕಾಶಕರಿಗೆ 20,000 ನಷ್ಟ. 50 ಪ್ರತಿ ಗೌರವಕ್ಕೆ ಹೋಗಿ ಉಳಿದ 950 ಮಾರಿದರೆ 35,000 ಲಾಭ. ಆ ಲಾಭವೂ ಒಂದೇ ಸಲ ಬರೋದಿಲ್ಲ. ಅಂಗಡಿಗಳು ಮಾರಿದ ಮೇಲೆ, ಅದೂ ತಮ್ಮ ಬಿಡುವಿನಲ್ಲಿ ದುಡ್ಡು ಕೊಡುತ್ತವೆ.

ತೆರಿಗೆಯ ಒಂದು ಕೊಕ್ಕೆಯೂ ಇದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಕಾಗದಕ್ಕೆ ಇದೆ, ಮುದ್ರಣದ ಕೆಲಸಕ್ಕೆ ಇದೆ. ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣ, ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಬೇರೆ ವ್ಯಾಪಾರಿಗಳ ಹಾಗೆ ವಾಪಸ್ ಹಿಡಿದುಕೊಳ್ಳಲು ಪ್ರಕಾಶಕರಿಗೆ ಆಗೋದಿಲ್ಲ. ಅದು ನೇರ ಖರ್ಚಿಗೆ ಸೇರುತ್ತದೆ.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮುಂದಿನ ದಾರಿಗಳನ್ನು ನೋಡಿ.

ದುಡ್ಡು ಹಾಕಿ, ರಾಯಲ್ಟಿ ಕೊಡುವ ಪ್ರಕಾಶಕರು

ಇದು ಎಲ್ಲರೂ ಬಯಸುವ ದಾರಿ. ಖರ್ಚು ಅವರದ್ದು, ಅಂಗಡಿಗಳ ಸಂಪರ್ಕ ಅವರದ್ದು, ಪುಸ್ತಕ ಮೇಳದ ಮಳಿಗೆ ಅವರದ್ದು. ನಿಮಗೆ ಸಿಗೋದು ಹೆಚ್ಚುಕಡಿಮೆ 10 ಪರ್ಸೆಂಟ್. ನಮ್ಮ ಲೆಕ್ಕದಲ್ಲಿ ಸಾವಿರ ಪ್ರತಿಗೆ 20,000. ಎರಡು ಮೂರು ವರ್ಷದ ಬರವಣಿಗೆಗೆ ಇದು ಕೂಲಿಯೂ ಅಲ್ಲ ಅಂತ ಅನ್ನಿಸಬಹುದು. ನಿಜ. ಆದರೆ ನಿಮ್ಮ ಕಿಸೆಯಿಂದ ಒಂದು ರೂಪಾಯಿಯೂ ಹೋಗಿಲ್ಲ.

ಕನ್ನಡದಲ್ಲಿ ಒಂದು ಹಳೆಯ ರೂಢಿ ಇದೆ. ರಾಯಲ್ಟಿ ಬದಲು 25 ಪ್ರತಿ ಕೊಟ್ಟು ಕೈಮುಗಿಯೋದು. 25 ಪ್ರತಿಯ ಮುಖಬೆಲೆ 5,000. ಕೊಡಬೇಕಾದ್ದು 20,000. ವ್ಯತ್ಯಾಸ ಗೊತ್ತಿದ್ದು ಒಪ್ಪಿದರೆ ತೊಂದರೆಯಿಲ್ಲ. ಮೊದಲ ಪುಸ್ತಕ, ಒಳ್ಳೆಯ ಸಂಪಾದನೆ, ಒಳ್ಳೆಯ ಮುಖಪುಟ ಸಿಗುವುದಾದರೆ ನಾನೂ ಒಪ್ಪುತ್ತೇನೆ. ಆದರೆ ಅದು ಮೊದಲ ಮುದ್ರಣಕ್ಕೆ ಮಾತ್ರ ಅಂತ ಬರೆಸಿಕೊಳ್ಳಬೇಕು.

ಇಂಥ ಪ್ರಕಾಶಕರನ್ನು ಆರಿಸೋದು ಹೇಗೆ? ಫೇಸ್‌ಬುಕ್ ನೋಡಬೇಡಿ. ಅವರ ನಾಲ್ಕೈದು ಪುಸ್ತಕ ತೆಗೆದುಕೊಂಡು ಹಕ್ಕುಗಳ ಪುಟ ನೋಡಿ. ಶೀರ್ಷಿಕೆಯ ಪುಟದ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದು. "ಮೊದಲ ಮುದ್ರಣ: 2024, ಪ್ರತಿಗಳು: 1000, ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೋ, ಹಕ್ಕುಗಳು: ಲೇಖಕರವು" ಅಂತ ಅಚ್ಚಾಗಿರುತ್ತದೆ. ಪ್ರತಿಗಳ ಸಂಖ್ಯೆ ಇದೆಯಾ? ಹಕ್ಕು ಯಾರದ್ದು ಅಂತಿದೆ? ಎರಡನೆಯ ಮುದ್ರಣ ಕಂಡ ಪುಸ್ತಕಗಳು ಎಷ್ಟಿವೆ? ಮುಖಪುಟ ಯಾರದ್ದು, ಒಳಪುಟ ವಿನ್ಯಾಸ ಯಾರದ್ದು ಅಂತ ಹೆಸರು ಹಾಕಿದ್ದಾರಾ? ಒಂದು ಪ್ರಕಾಶನ ಜನರ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನೋದು ಆ ಒಂದು ಪುಟದಲ್ಲೇ ಬಹಳ ಮಟ್ಟಿಗೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. "ಒಂದೇ ತಿಂಗಳಲ್ಲಿ ಮೂರನೆಯ ಮುದ್ರಣ" ಅನ್ನೋ ಪೋಸ್ಟರ್ ನೋಡಿ ಮರುಳಾಗಬೇಡಿ. ಈಗ ಡಿಜಿಟಲ್ ಅಚ್ಚಿನಲ್ಲಿ 200 ಪ್ರತಿಯನ್ನೂ ಒಂದು ಮುದ್ರಣ ಅನ್ನಬಹುದು. ಮುದ್ರಣದ ಲೆಕ್ಕಕ್ಕಿಂತ ಪ್ರತಿಗಳ ಲೆಕ್ಕ ಕೇಳಿ.

ನಿಮ್ಮ ಬರಹಕ್ಕೆ ಹೊಂದುವ ಮನೆ ಹುಡುಕೋದು ಮುಖ್ಯ. ಹೆಗ್ಗೋಡಿನ ಅಕ್ಷರ ಪ್ರಕಾಶನ, ಧಾರವಾಡದ ಮನೋಹರ ಗ್ರಂಥಮಾಲಾ, ಬೆಂಗಳೂರಿನ ನವಕರ್ನಾಟಕ, ಗಾಂಧಿಬಜಾರಿನ ಅಂಕಿತ ಪುಸ್ತಕ, ಗದಗಿನ ಲಡಾಯಿ ಪ್ರಕಾಶನ, ಇವುಗಳ ಪಟ್ಟಿ ಒಂದರ ಪಕ್ಕ ಒಂದು ಇಟ್ಟು ನೋಡಿ. ಒಬ್ಬೊಬ್ಬರ ಆಸಕ್ತಿ ಒಂದೊಂದು ಕಡೆ. ವಿಜ್ಞಾನದ ಪುಸ್ತಕವನ್ನು ಕಾವ್ಯದವರ ಬಾಗಿಲಿಗೆ ಒಯ್ದು "ಅವರು ಉತ್ತರವನ್ನೇ ಕೊಡಲಿಲ್ಲ" ಅಂದರೆ ಏನು ಹೇಳೋದು? ಹೊಸ ಕಥೆಗಾರರಾದರೆ ಛಂದ ಪುಸ್ತಕ ಅನ್ನೋ ಪ್ರಕಾಶನದ ಹಸ್ತಪ್ರತಿ ಸ್ಪರ್ಧೆಯಂಥ ಬಾಗಿಲುಗಳೂ ಇವೆ. ಪರಿಚಯ, ಶಿಫಾರಸು ಇಲ್ಲದವರಿಗೆ ಅದು ನೇರ ದಾರಿ.

ಈ ದಾರಿಯ ದೊಡ್ಡ ಬೆಲೆ ಕಾಯೋದು. ಹಸ್ತಪ್ರತಿ ಕೊಟ್ಟು ವರ್ಷ ಕಳೆದರೂ ಸುದ್ದಿ ಇಲ್ಲದಿರಬಹುದು. ಆರು ತಿಂಗಳ ಗಡುವು ಹೇಳಿ, ಅದು ದಾಟಿದರೆ ಬೇರೆ ಕಡೆ ಕೊಡುತ್ತೇನೆ ಅಂತ ಮೊದಲೇ ವಿನಯದಿಂದ ತಿಳಿಸಿ. ಒಳ್ಳೆಯ ಪ್ರಕಾಶಕರು ಅದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ.

"ಮುನ್ನೂರು ಪ್ರತಿ ನೀವೇ ತಗೊಳ್ಳಿ ಸಾರ್"

ಈಗ ಮೂರನೆಯ ದಾರಿಗೆ ಬರೋಣ. ಇದರ ಮಾತು ಬಹಳ ಸಿಹಿ. "ನಿಮ್ಮಿಂದ ದುಡ್ಡು ಬೇಡ ಸಾರ್. ಪುಸ್ತಕ ಬಂದ ಮೇಲೆ 300 ಪ್ರತಿ ನೀವೇ ತಗೊಳ್ಳಿ, 30 ಪರ್ಸೆಂಟ್ ರಿಯಾಯಿತಿ ಕೊಡ್ತೀವಿ." ದುಡ್ಡು ಕೇಳಲಿಲ್ಲವಲ್ಲ ಅಂತ ಖುಷಿಯಾಗುತ್ತದೆ.

ಲೆಕ್ಕ ಹಾಕಿ. 200ರ ಪುಸ್ತಕ 140ಕ್ಕೆ, 300 ಪ್ರತಿ. ನೀವು ಕೊಡೋದು 42,000. ಅವರು ನಿಜವಾಗಿ ಸಾವಿರ ಪ್ರತಿ ಹಾಕಿಸಿದ್ದರೆ 60,000ದ ಖರ್ಚಿನಲ್ಲಿ 70 ಪರ್ಸೆಂಟ್ ನೀವೇ ಹೊತ್ತಹಾಗಾಯಿತು. ಆದರೂ ನಿಮ್ಮ ರಾಯಲ್ಟಿ ಮಾತ್ರ 10 ಪರ್ಸೆಂಟೇ, ಅದೂ ಕೊಟ್ಟರೆ.

ಸಾವಿರ ಹಾಕಿಸದೆ ಸುಮ್ನೆ 300 ಪ್ರತಿ ಡಿಜಿಟಲ್‌ನಲ್ಲಿ ತೆಗೆಸಿದ್ದರೆ? ಪ್ರತಿಗೆ 85 ಹಿಡಿದರೆ 25,500. ಡಿಟಿಪಿ, ಕರಡು, ಮುಖಪುಟದ 12,000 ಸೇರಿಸಿದರೆ 37,500. ನಿಮ್ಮಿಂದ ಬಂದದ್ದು 42,000. ಒಂದು ಪ್ರತಿಯನ್ನೂ ಹೊರಗೆ ಮಾರದೆ ಅವರಿಗೆ 4,500 ಉಳಿಯಿತು. ಇನ್ನು ಅವರು ನಿಮ್ಮ ಪುಸ್ತಕ ಹಿಡಿದುಕೊಂಡು ಅಂಗಡಿ ಸುತ್ತೋದು ಯಾಕೆ? ಅವರ ಗಿರಾಕಿ ಓದುಗರಲ್ಲ, ನೀವು. ಇದು ಪ್ರಕಾಶಕರು ಕೆಟ್ಟವರು ಅನ್ನೋ ಮಾತಲ್ಲ. ಲಾಭ ಮೊದಲೇ ಬಂದುಬಿಟ್ಟ ಕಡೆ ಮಾರುವ ತುರ್ತು ಇರೋದಿಲ್ಲ, ಅಷ್ಟೇ.

"ಪ್ಯಾಕೇಜ್" ಹೆಸರಿನಲ್ಲಿ ಬರುವ ಚಿನ್ನ, ಬೆಳ್ಳಿ, ವಜ್ರದ ಯೋಜನೆಗಳದ್ದೂ ಇದೇ ಕಥೆ. "ಜಗತ್ತಿನಾದ್ಯಂತ ಲಭ್ಯ" ಅನ್ನುತ್ತಾರೆ. ಜಾಲತಾಣದ ಪಟ್ಟಿಯಲ್ಲಿ ಹೆಸರು ಇರೋದನ್ನೇ ಲಭ್ಯ ಅನ್ನೋದು ಅಲ್ಲಿನ ರೂಢಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೂ ದುಡ್ಡು ಹಿಡಿದಿದ್ದರೆ ಕೇಳಿ. ಭಾರತದಲ್ಲಿ ಐಎಸ್‌ಬಿಎನ್ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ಲೇಖಕರು ತಾವೇ ಆನ್‌ಲೈನ್ ಅರ್ಜಿ ಹಾಕಬಹುದು.

ಹಾಗಾದರೆ ದುಡ್ಡು ಕೊಟ್ಟು ಮಾಡಿಸಲೇಬಾರದಾ? ಮಾಡಿಸಬಹುದು. ಅದನ್ನು ಕೆಲಸಕ್ಕೆ ಕೊಟ್ಟ ಕೂಲಿ ಅಂತ ತಿಳಿದು ಮಾಡಿಸಿ. ಕರಡಿಗೆ ಇಷ್ಟು, ಪುಟವಿನ್ಯಾಸಕ್ಕೆ ಇಷ್ಟು, ಅಚ್ಚಿಗೆ ಇಷ್ಟು ಅಂತ ಬಿಡಿಬಿಡಿಯಾಗಿ ಬಿಲ್ ಕೇಳಿ. ಕೆಲಸ ಮುಗಿದ ಮೇಲೆ ಎಲ್ಲ ಪ್ರತಿಯೂ, ಎಲ್ಲ ಹಕ್ಕೂ, ಪುಟವಿನ್ಯಾಸದ ಮೂಲ ಫೈಲೂ ನಿಮ್ಮದಾಗಬೇಕು. ಇದಕ್ಕೆ ಒಪ್ಪದವರ ಹತ್ತಿರ ದುಡ್ಡು ಕೊಟ್ಟು ಮಾಡಿಸಬೇಡಿ.

ನೀವೇ ಪ್ರಕಾಶಕರಾದರೆ

ಸ್ವಂತ ಪ್ರಕಟಣೆ ಅಂದರೆ "ಯಾರೂ ಹಾಕಲಿಲ್ಲ, ಅದಕ್ಕೇ ತಾನೇ ಹಾಕಿಕೊಂಡ" ಅನ್ನೋ ಭಾವನೆ ಕೆಲವರಲ್ಲಿದೆ. ಕನ್ನಡದಲ್ಲಿ ಇದಕ್ಕೆ ಅರ್ಥವೇ ಇಲ್ಲ. ಕುವೆಂಪು ಅವರ ಪುಸ್ತಕಗಳು ಬಂದದ್ದು ಉದಯರವಿ ಪ್ರಕಾಶನದಿಂದ. ತೇಜಸ್ವಿಯವರಿಗೆ ಪುಸ್ತಕ ಪ್ರಕಾಶನ ಇತ್ತು, ಲಂಕೇಶರಿಗೆ ಪತ್ರಿಕೆ ಪ್ರಕಾಶನ, ರವಿ ಬೆಳಗೆರೆಯವರಿಗೆ ಭಾವನಾ ಪ್ರಕಾಶನ. ಅದಕ್ಕೂ ಹಿಂದೆ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಇವರಿಗೆಲ್ಲ ಓದುಗರ ಜೊತೆ ನೇರ ಸಂಬಂಧ ಇತ್ತು ಅನ್ನೋದನ್ನು ಮಾತ್ರ ಮರೆಯಬಾರದು. ಪತ್ರಿಕೆ ಇದ್ದವರಿಗೆ ವಾರವಾರ ಜಾಹೀರಾತು ತಂತಾನೇ ಆಗುತ್ತಿತ್ತು.

ನಮ್ಮ ಅದೇ ಪುಸ್ತಕವನ್ನು ನೀವೇ ತಂದಿರಿ ಅನ್ನಿ. 1000 ಪ್ರತಿ, 60,000. ಗೊತ್ತಿರುವವರಿಗೆ, ಬಿಡುಗಡೆಯ ದಿನ, ವಾಟ್ಸಾಪ್ ಗುಂಪಿನಲ್ಲಿ, ಹತ್ತು ಪರ್ಸೆಂಟ್ ಬಿಟ್ಟು 180ಕ್ಕೆ 300 ಪ್ರತಿ ಮಾರಿದಿರಿ. ಬಂತು 54,000. ಇನ್ನು 50 ಪ್ರತಿ ಅಂಗಡಿಗಳ ಮೂಲಕ 120ರಂತೆ ಹೋದರೆ 6,000. 350 ಪ್ರತಿಗೇ ಅಸಲು ಗಿಟ್ಟಿತು. ಪ್ರಕಾಶಕರಿಗೆ 600 ಬೇಕಾಗಿತ್ತು. ಆಮೇಲೆ ಹೋಗುವ ಪ್ರತಿಯೊಂದರ ದುಡ್ಡೂ ನಿಮ್ಮದೇ.

ಇಡೀ ತೀರ್ಮಾನ ನಿಂತಿರೋದು ಆ 300ರ ಮೇಲೆ. ನಿಮ್ಮ ಕೈಯಿಂದ ನೇರವಾಗಿ 300 ಜನ ಕೊಳ್ಳುತ್ತಾರಾ? ಒಂದು ಹಾಳೆ ತೆಗೆದುಕೊಂಡು ಹೆಸರು ಬರೆಯಿರಿ. "ಕೊಡು, ಓದ್ತೀನಿ" ಅನ್ನೋರನ್ನು ಪಟ್ಟಿಗೆ ಸೇರಿಸಬೇಡಿ. ನೆಂಟರಲ್ಲಿ ಅರ್ಧಕ್ಕರ್ಧ ಜನ ಆ ಗುಂಪಿಗೆ ಸೇರುತ್ತಾರೆ. ಫೇಸ್‌ಬುಕ್ಕಿನಲ್ಲಿ ಲೈಕ್ ಒತ್ತಿದವರು, ಅಭಿನಂದನೆ ಹೇಳಿದವರು ಲೆಕ್ಕಕ್ಕಿಲ್ಲ. ದುಡ್ಡು ಕೊಟ್ಟು ತಗೊಳ್ಳೋರು ಮಾತ್ರ. ಪಟ್ಟಿ 80ಕ್ಕೆ ನಿಂತರೆ ಸಾವಿರ ಪ್ರತಿ ಹಾಕಿಸಬೇಡಿ. ಉಳಿದವು ಅಟ್ಟದ ಮೇಲೆ ಕೂರುತ್ತವೆ, ಮನೆಯವರು ಪ್ರತಿ ದೀಪಾವಳಿಗೆ ಧೂಳು ಹೊಡೆಯುವಾಗ ನಿಮ್ಮನ್ನು ನೆನೆಯುತ್ತಾರೆ.

ಪಟ್ಟಿ ಸಣ್ಣದಿದ್ದರೆ 300 ಪ್ರತಿ ಡಿಜಿಟಲ್ ಅಚ್ಚು ನೋಡಬಹುದು. ಆಗಲೇ ಹಾಕಿದ ಲೆಕ್ಕದಂತೆ 37,500, ಅಂದರೆ ಪ್ರತಿಗೆ 125 ಬೀಳುತ್ತದೆ. 180ರಂತೆ ಎಲ್ಲವನ್ನೂ ನೇರ ಮಾರಿದರೆ 16,500 ಉಳಿಯುತ್ತದೆ. ಅದೇ ಪುಸ್ತಕ ಅಂಗಡಿಗೆ ಕೊಟ್ಟರೆ ಬರೋದು 120. ಮಾರಿದ ಪ್ರತಿಯೊಂದಕ್ಕೆ 5 ರೂಪಾಯಿ ಕೈಬಿಟ್ಟಹಾಗೆ. ಹಾಗಾಗಿ ಕಡಿಮೆ ಪ್ರತಿ ಹಾಕಿಸುವವರಿಗೆ ಎರಡೇ ದಾರಿ. ಒಂದೋ ಬೆಲೆ ಏರಿಸಬೇಕು, ಇಲ್ಲಾ ಅಂಗಡಿಯ ಆಸೆ ಬಿಡಬೇಕು.

ಮುಂಗಡ ಬುಕಿಂಗ್ ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. ಇದೇನೂ ಇಂಟರ್ನೆಟ್ ತಂದ ಹೊಸ ಉಪಾಯ ಅಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗಲೇ ಚಂದಾದಾರರನ್ನು ನೆಚ್ಚಿಕೊಂಡಿತ್ತು. ಓದುಗರು ಮೊದಲೇ ಚಂದಾ ಕಟ್ಟೋದು, ಪುಸ್ತಕಗಳು ಮನೆಗೆ ಬರೋದು. ಈಗ ನೀವು ಮಾಡಬೇಕಾದ್ದು ಇಷ್ಟೇ. ಅಚ್ಚಿಗೆ ಹೋಗುವ ಒಂದು ತಿಂಗಳು ಮುಂಚೆ ಮುಖಪುಟ ತೋರಿಸಿ, ಯುಪಿಐ ಮೂಲಕ ಹಣ ಪಡೆದು, ಹೆಸರು ಬರೆದಿಟ್ಟುಕೊಳ್ಳಿ. ಎಷ್ಟು ಜನ ದುಡ್ಡು ಹಾಕಿದರು ಅನ್ನೋದೇ ಎಷ್ಟು ಪ್ರತಿ ಹಾಕಿಸಬೇಕು ಅನ್ನೋದಕ್ಕೆ ಉತ್ತರ.

ಅಂಚೆಯ ಲೆಕ್ಕ ಬಿಟ್ಟರೆ ಈ ದಾರಿ ಕೈಕೊಡುತ್ತದೆ. ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರ್‌ನಲ್ಲಿ ನಿಂತಾಗ ಸಣ್ಣ ಪ್ರಕಾಶಕರು ಒದ್ದಾಡಿದ್ದು ಸುಮ್ನೆ ಅಲ್ಲ. 2025ರ ಮೇ 1ರಿಂದ ಅಂಚೆ ಇಲಾಖೆ ಜ್ಞಾನ್ ಪೋಸ್ಟ್ ಅನ್ನೋ ಸೇವೆ ತಂದಿತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ ಅಂತ ಶುರುವಾಯಿತು. ನಮ್ಮ 160 ಪುಟದ ಪುಸ್ತಕದ ಒಳಹಾಳೆ 187 ಗ್ರಾಂ. ಮುಖಪುಟ, ಲಕೋಟೆ ಸೇರಿದರೂ 300 ದಾಟೋದಿಲ್ಲ. ಅದೇ 250 ಪುಟ ಆದರೆ ಲಕೋಟೆ ಸೇರಿ 300 ದಾಟುತ್ತದೆ. ಪುಟ ಎಷ್ಟಿರಬೇಕು, ಕಾಗದ 70 ಜಿಎಸ್‌ಎಂ ಬೇಕಾ 80 ಬೇಕಾ ಅನ್ನೋ ತೀರ್ಮಾನ ಮಾಡುವಾಗ ತಕ್ಕಡಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಯಾವ ಬಗೆಯ ಪುಸ್ತಕಕ್ಕೆ ಈ ದರ ಸಿಗುತ್ತದೆ ಅನ್ನೋ ನಿಯಮಗಳಿವೆ. ನಿಮ್ಮ ಅಂಚೆ ಕಚೇರಿಯಲ್ಲಿ ಒಂದು ಪ್ರತಿ ಹಿಡಿದು ಹೋಗಿ ಕೇಳೋದು ವಾಸಿ.

ಗ್ರಂಥಾಲಯದ ಆಸೆ

ಕನ್ನಡ ಪ್ರಕಾಶನದ ಲೆಕ್ಕದಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ದೊಡ್ಡ ಜಾಗ ಇದೆ. ಆಯ್ಕೆಯಾದ ಶೀರ್ಷಿಕೆಯ 300 ಪ್ರತಿ ಕೊಳ್ಳೋದು ರೂಢಿ. ನಮ್ಮ ಲೆಕ್ಕದಲ್ಲಿ ಪ್ರಕಾಶಕರು ಮಾರಬೇಕಾದ 600ರಲ್ಲಿ ಅರ್ಧ. ಅದಕ್ಕೇ ಎಷ್ಟೋ ಪ್ರಕಾಶಕರು ಇದನ್ನೇ ನಂಬಿ ಪುಸ್ತಕ ಹಾಕುತ್ತಾರೆ.

ಆದರೆ ಬೆಲೆ ನೀವು ಇಟ್ಟದ್ದಲ್ಲ, ಪುಟಕ್ಕೆ ಇಷ್ಟು ಅಂತ ಇಲಾಖೆ ಗೊತ್ತುಮಾಡಿದ್ದು. ಆಯ್ಕೆ ಆಗೋದು ತಡ, ದುಡ್ಡು ಬರೋದು ಇನ್ನೂ ತಡ. ಒಂದು ವರ್ಷದ ಪುಸ್ತಕ ಎರಡು ಮೂರು ವರ್ಷ ಕಳೆದ ಮೇಲೆ ಖರೀದಿಯಾಗೋದೂ ಉಂಟು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ 6 ಪರ್ಸೆಂಟ್ ವಸೂಲಾಗುತ್ತದೆ. ಅದನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ದಾಟಿಸದೆ ಉಳಿಸಿಕೊಳ್ಳುವ ಹಳೆಯ ಜಗಳ ಬೇರೆ ಇದೆ. ರಸೀದಿ ನೋಡಿ, ಆ ಸಾಲು ಇರುತ್ತದೆ.

ಸ್ವಂತ ಪ್ರಕಟಣೆ ಮಾಡಿದವರೂ ಲೇಖಕ-ಪ್ರಕಾಶಕರಾಗಿ ಅರ್ಜಿ ಹಾಕಬಹುದು. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಪುಸ್ತಕ ನೋಂದಾಯಿಸೋದನ್ನು ಮುಂದೂಡಬೇಡಿ. ಅರ್ಜಿ ಕರೆಯೋದು ಪ್ರಕಟಣೆಯ ವರ್ಷದ ಲೆಕ್ಕದಲ್ಲಿ, ಆದ್ದರಿಂದ ಹಕ್ಕುಗಳ ಪುಟದಲ್ಲಿ ವರ್ಷ ಸರಿಯಾಗಿರಲಿ. ಕನ್ನಡ ಪುಸ್ತಕ ಪ್ರಾಧಿಕಾರದ್ದೂ ಸಗಟು ಖರೀದಿ ಇದೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವೂ ಇದೆ. ವಯಸ್ಸು ಹೊಂದುವುದಾದರೆ ಹಸ್ತಪ್ರತಿಯನ್ನು ಬೇರೆ ಯಾರಿಗಾದರೂ ಕೊಡುವ ಮೊದಲೇ ಅದನ್ನು ವಿಚಾರಿಸಿ.

ಯಾವ ದಾರಿ ಹಿಡಿದರೂ ಗ್ರಂಥಾಲಯದ ದುಡ್ಡನ್ನು ಲೆಕ್ಕದಿಂದ ಹೊರಗಿಟ್ಟೇ ಯೋಚಿಸಿ. ಬಂದರೆ ಸಂತೋಷ.

ಕೇಳಿದಾಗ ಅಚ್ಚು, ಇ-ಬುಕ್, ಆಡಿಯೊ

ಗಿರಾಕಿ ಕೇಳಿದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವ ವ್ಯವಸ್ಥೆ ಬೆಂಗಳೂರಿನ ಪೋಥಿ ಡಾಟ್ ಕಾಮ್ ಆರಂಭಿಸಿದ್ದು 2008ರಲ್ಲಿ. ಚೆನ್ನೈನ ನೋಶನ್ ಪ್ರೆಸ್ ಕೂಡ ಈ ಕೆಲಸ ಮಾಡುತ್ತದೆ. ದಾಸ್ತಾನು ಇಲ್ಲ, ಅಟ್ಟ ಬೇಡ. ಆದರೆ ಒಂದು ಪ್ರತಿಯ ಅಚ್ಚಿನ ಖರ್ಚು ಜಾಸ್ತಿ. ಬೆಲೆ ಏರಿಸಿದರೆ ಕನ್ನಡದ ಓದುಗ "160 ಪುಟಕ್ಕೆ ಇಷ್ಟಾ?" ಅನ್ನುತ್ತಾನೆ, ಏರಿಸದಿದ್ದರೆ ನಿಮಗೆ ಉಳಿಯೋದು ಚಿಲ್ಲರೆ. ಹಳೆಯ ಪುಸ್ತಕವೊಂದು ಮುಗಿದುಹೋಗಿ, ವರ್ಷಕ್ಕೆ ಹತ್ತಿಪ್ಪತ್ತು ಜನ ಮಾತ್ರ ಕೇಳುತ್ತಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೊಸ ಕಾದಂಬರಿಗೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಇ-ಬುಕ್ ಮತ್ತು ಆಡಿಯೊಗೆ ಕನ್ನಡದಲ್ಲೇ ಮೈಲ್ಯಾಂಗ್ ಇದೆ, ವಿವಿಡ್‌ಲಿಪಿ ಇದೆ. ಹೊರದೇಶದ ಕನ್ನಡಿಗರಿಗೆ ಇದು ನಿಜವಾದ ಅನುಕೂಲ, ಯಾಕಂದರೆ ಅಲ್ಲಿಗೆ ಪುಸ್ತಕ ಕಳಿಸುವ ಖರ್ಚು ಪುಸ್ತಕದ ಬೆಲೆಯನ್ನೇ ನುಂಗಿಹಾಕುತ್ತದೆ. ಹೊರದೇಶದ ದೊಡ್ಡ ತಾಣಗಳಿಗೆ ಹಾಕುವ ಮುಂಚೆ ಅವರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆಯಾ ಅಂತ ನೋಡಿಕೊಳ್ಳಿ.

ಇಲ್ಲಿ ಬಹಳ ಜನ ಎಡವೋದು ಫಾಂಟಿನಲ್ಲಿ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನುಡಿ, ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲಿ ಪೇಜ್‌ಮೇಕರ್ ಕೆಲಸ ನಡೆಯುತ್ತದೆ. ಅಚ್ಚಿಗೆ ಅದು ಸಾಕು. ಇ-ಬುಕ್‌ಗೆ ಯೂನಿಕೋಡ್ ಬೇಕು, ಅಂದರೆ ಎಲ್ಲ ಮೊಬೈಲು, ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ. ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತವೆ, ಇಡೀ ಪುಸ್ತಕದ ಕರಡು ಮತ್ತೆ ತಿದ್ದಬೇಕಾಗುತ್ತದೆ. ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಫಾಂಟ್ ಬಳಸಿ ಪುಟ ಕಟ್ಟುವವರನ್ನು ಹುಡುಕಿ. ಪುಟಕ್ಕೆ ಐದಾರು ರೂಪಾಯಿ ಜಾಸ್ತಿ ಕೇಳಿದರೂ ಕೊಡಿ. ಕರಡಿನಲ್ಲಿ ತಿದ್ದಿದ್ದನ್ನೆಲ್ಲ ನಿಮ್ಮ ಮೂಲ ಫೈಲಿನಲ್ಲೂ ತಿದ್ದಿಟ್ಟುಕೊಳ್ಳಿ.

ಸಹಿ ಹಾಕುವ ಮುಂಚೆ

ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಬರೀ ಮಾತಿನ ಮೇಲೆ, ಒಂದು ಕಾಫಿಯ ಮೇಲೆ ಬರುತ್ತವೆ. ನಂಬಿಕೆ ಒಳ್ಳೆಯದೇ. ಆದರೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುವ ಹಕ್ಕು ಇದು. ಮಕ್ಕಳು ಯಾರ ಹತ್ತಿರ ಏನು ಮಾತಾಗಿತ್ತು ಅಂತ ಹುಡುಕುವಂತಾಗಬಾರದು.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಲೇಖಕರ ಪರವಾಗಿಯೇ ಇದೆ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಅದು 5 ವರ್ಷ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಹಾಗಾಗಿ "ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರವು" ಅಂತ ಬರೆದ ಕಾಗದಕ್ಕೆ ಸಹಿ ಹಾಕೋದಕ್ಕಿಂತ ಕಾಗದವೇ ಇಲ್ಲದಿರೋದು ಮೇಲು!

ನಾನಾದರೆ ಇಷ್ಟು ನೋಡುತ್ತೇನೆ. ಕನ್ನಡದ ಮುದ್ರಿತ ಪುಸ್ತಕಕ್ಕೆ ಮಾತ್ರ ಹಕ್ಕು ಕೊಟ್ಟು, ಇ-ಬುಕ್, ಆಡಿಯೊ, ಅನುವಾದ, ಸಿನಿಮಾ ಹಕ್ಕುಗಳನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಷ್ಟು ಪ್ರತಿ ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸುತ್ತೇನೆ. ಅಚ್ಚಾದ ಪ್ರತಿಗೆ ರಾಯಲ್ಟಿಯಾ, ಮಾರಾಟವಾದ ಪ್ರತಿಗಾ ಅನ್ನೋದು ಸ್ಪಷ್ಟವಾಗಿರಬೇಕು. ಮಾರಾಟದ ಮೇಲೆ ಅಂತಾದರೆ ವರ್ಷಕ್ಕೊಮ್ಮೆ, ಮಾರ್ಚ್ ಮುಗಿದ ಮೇಲೆ, ಲೆಕ್ಕ ಕೊಡಬೇಕು ಅಂತ ಸೇರಿಸುತ್ತೇನೆ. ಅಚ್ಚಾದ ಪ್ರತಿಯ ಮೇಲೆ ಒಂದೇ ಸಲ ಕೊಡುತ್ತೇವೆ ಅಂದರೆ ಪರ್ಸೆಂಟ್ ಸ್ವಲ್ಪ ಕಡಿಮೆಯಾದರೂ ಅದನ್ನೇ ಆರಿಸುತ್ತೇನೆ. ಬೇರೆಯವರ ಗೋದಾಮಿನ ಪ್ರತಿ ಎಣಿಸಲು ನಮಗಾಗೋದಿಲ್ಲ.

ನಿಮ್ಮ ಪುಸ್ತಕಕ್ಕೆ ಯಾವುದು?

ಕಾದಂಬರಿ, ಕಥೆ, ಪ್ರಬಂಧ ಬರೆದವರು ಮೊದಲು ರಾಯಲ್ಟಿಯ ಪ್ರಕಾಶಕರನ್ನೇ ಪ್ರಯತ್ನಿಸಿ. ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿ ಕೊಳ್ಳುವ ಅಪರಿಚಿತ ಓದುಗರು ಈ ಪುಸ್ತಕಗಳಿಗೆ ಬೇಕು. ಅವರು ನಿಮ್ಮ ವಾಟ್ಸಾಪಿನಲ್ಲಿಲ್ಲ.

ಕವನ ಸಂಕಲನಕ್ಕೆ ಬಹುಪಾಲು ಪ್ರಕಾಶಕರು ಹಿಂಜರಿಯುತ್ತಾರೆ, ಅವರ ಲೆಕ್ಕವೂ ತಪ್ಪಲ್ಲ. 80 ಪುಟ, ಮುಂಗಡ ಬುಕಿಂಗ್, 200ರಿಂದ 300 ಪ್ರತಿ, ಸ್ವಂತ ಪ್ರಕಟಣೆ. ಐದು ಫಾರಂನಲ್ಲಿ ಮುಗಿಸಿ. ಪ್ರೋತ್ಸಾಹಧನ ಸಿಕ್ಕರೆ ಅದೇ ಸಾಕಾಗಬಹುದು.

ಪಿಎಚ್‌ಡಿ ಪ್ರಬಂಧವನ್ನು ಪುಸ್ತಕ ಮಾಡುವವರ ಬೆನ್ನು ಹತ್ತುವವರೇ ಜಾಸ್ತಿ, ಯಾಕಂದರೆ ಅವರಿಗೆ ಐಎಸ್‌ಬಿಎನ್ ಇರುವ ಪುಸ್ತಕ ನೌಕರಿಗೆ, ಬಡ್ತಿಗೆ ಬೇಕು ಅಂತ ಎಲ್ಲರಿಗೂ ಗೊತ್ತು. ನಿಮ್ಮ ವಿಶ್ವವಿದ್ಯಾಲಯದ ಪ್ರಸಾರಾಂಗವನ್ನು (ಪ್ರಕಟಣಾ ವಿಭಾಗವನ್ನು) ಮೊದಲು ಕೇಳಿ. ಆಗದಿದ್ದರೆ ಐಎಸ್‌ಬಿಎನ್ ನೀವೇ ತೆಗೆದುಕೊಂಡು ನೂರು ಪ್ರತಿ ಹಾಕಿಸಿ. "300 ಪ್ರತಿ ನೀವೇ ತಗೊಳ್ಳಿ" ಅನ್ನೋ ಆ 42,000ದ ಮಾತಿಗೆ ಹೋಗಬೇಡಿ.

ಊರಿನ ಇತಿಹಾಸ, ಮನೆತನದ ಚರಿತ್ರೆ, ದೇವಸ್ಥಾನದ ಸ್ಥಳಪುರಾಣ ಬರೆದವರಿಗೆ ಪ್ರಕಾಶಕರ ಅಗತ್ಯವೇ ಇಲ್ಲ. ಕೊಳ್ಳೋರು ಯಾರು, ಎಲ್ಲಿದ್ದಾರೆ ಅಂತ ನಿಮಗೆ ಮನೆಮನೆ ಲೆಕ್ಕ ಗೊತ್ತು. ಜಾತ್ರೆಗೆ ಹದಿನೈದು ದಿನ ಮುಂಚೆ ಪುಸ್ತಕ ಕೈಗೆ ಬರುವ ಹಾಗೆ ಪ್ರೆಸ್ಸಿಗೆ ಕೊಡಿ. ಜಾತ್ರೆಯ ದಿನ ದೇವಸ್ಥಾನದ ಹೊರಗೆ ಒಂದು ಮೇಜು ಹಾಕಿ, ಚಿಲ್ಲರೆ ಇಟ್ಟುಕೊಂಡು ಕೂತುಕೊಳ್ಳಿ. ಬೆಲೆ 100 ಅಥವಾ 200 ಇರಲಿ, 180 ಬೇಡ. 20 ರೂಪಾಯಿ ವಾಪಸ್ ಕೊಡೋದರಲ್ಲೇ ಅರ್ಧ ವ್ಯಾಪಾರ ನಿಂತುಹೋಗುತ್ತದೆ.